ಉಜ್ಜಿದ ಮೇಲಿನ ಬಿಡುವು: ಬೆಂಗಳೂರು ದಂಡುಪ್ರದೇಶದ ಮರಗೆಲಸದಲ್ಲಿ ಪಾಲಿಶ್ ಏಕೆ ಏಳುತ್ತದೆ

ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಮನೆ ಕಟ್ಟುವ ಕಡೆ ಬಾಗಿಲು ಕೂಡಿಸುವ ಬಡಗಿಯೇ ಪಾಲಿಶ್ ಹಾಕುವುದು ಕಡಿಮೆ. ಬಡಗಿ ಹತ್ತರಿ ಹೊಡೆದು, ಉಪ್ಪುಕಾಗದದಲ್ಲಿ ಉಜ್ಜಿ, ಕೂಲಿ ಪಡೆದು ಹೋಗುತ್ತಾನೆ. ಟೈಲ್ಸ್, ವೈರಿಂಗ್, ಪೇಂಟು ಮುಗಿದ ಮೇಲೆ ಪಾಲಿಶ್‌ನವರು ಬರುತ್ತಾರೆ. ನಡುವೆ ವಾರಗಳೇ ಕಳೆಯಬಹುದು. ಈ ಬಿಡುವು ಯಾರ ಲೆಕ್ಕಕ್ಕೂ ಬರುವುದಿಲ್ಲ. ಮುಂದೆ ಪದರ ಎದ್ದಾಗ ದೂರು ಮಾತ್ರ ಸೀಲರ್ ಇಲ್ಲವೇ ಥಿನ್ನರ್ ಮೇಲೆ. ಕಾಯುವುದಾದರೆ ಉಜ್ಜುವ ಮೊದಲು ಕಾಯಬೇಕು, ಉಜ್ಜಿದ ಮೇಲಲ್ಲ ಎಂಬುದು ಈ ಲೇಖನದ ವಾದ.

ಹೊಸದಾಗಿ ಉಜ್ಜಿದ ತೇಗದ ಮೇಲೆ ಒಂದು ಹನಿ ನೀರು ಬಿಟ್ಟರೆ ಅದು ಬೇಗನೆ ಹರಡಿ ಎಳೆಯ ಉದ್ದಕ್ಕೂ ಇಳಿಯುತ್ತದೆ. ಹಲವು ದಿನ ಹಾಗೇ ಬಿಟ್ಟ ಹಲಗೆಯ ಮೇಲೆ ಅದೇ ಹನಿ ಗುಂಡಗೆ ನಿಲ್ಲುತ್ತದೆ. ತೇಗದ ಒಳಗಿರುವ ಎಣ್ಣೆ, ಮೇಣ, ರಬ್ಬರಿನಂಥ ಅಂಶಗಳು ನಿಧಾನವಾಗಿ ಮೇಲಕ್ಕೆ ಬಂದು ಕೂರುವುದೇ ಇದರ ಮುಖ್ಯ ಕಾರಣ. ನೀರು ಒಗ್ಗದ ಜಾಗದಲ್ಲಿ ಸೀಲರ್ ಕೂಡ ಸರಿಯಾಗಿ ಒಗ್ಗದು. ಬೀಟೆಯದು ಇನ್ನೊಂದು ತಕರಾರು: ಅದರಲ್ಲಿನ ಕ್ವಿನೋನ್ ಜಾತಿಯ ರಾಸಾಯನಿಕಗಳು ಎಣ್ಣೆ ಆಧಾರಿತ ವಾರ್ನಿಷ್ ಒಣಗುವುದನ್ನೇ ತಡೆಯುತ್ತವೆ. ಥಿನ್ನರ್ ಬಟ್ಟೆಯಲ್ಲಿ ಒರೆಸುವುದರಿಂದ ಉಪಯೋಗವುಂಟು, ಆದರೆ ಒರೆಸಿದ ಬೆನ್ನಿಗೇ ಮೊದಲ ಕೋಟ್ ಬೀಳಬೇಕು.

ಹೊರಗಿನ ಮರಕ್ಕೆ ಬಿಸಿಲೇ ದೊಡ್ಡ ಶತ್ರು. ದಂಡಿನ ಹಳೆಯ ಬಂಗಲೆಗಳಲ್ಲಿ ಕಿಟಕಿಗಳ ಮೇಲೆ ಚಾಚಿದ ಮರದ ಮಾಡುಗಳಾದ ಮಂಕಿ ಟಾಪ್‌ಗಳನ್ನು ಕೆರೆದು, ಉಜ್ಜಿ, ಬಣ್ಣಕ್ಕೆಂದು ತಿಂಗಳುಗಟ್ಟಲೆ ಬಿಟ್ಟರೆ ನೇರಳಾತೀತ ಕಿರಣಗಳು ಮೇಲ್ಪದರದ ನಾರೆಳೆಗಳನ್ನು ಹಿಡಿದಿಡುವ ಲಿಗ್ನಿನ್ ಅನ್ನು ಒಡೆಯುತ್ತವೆ. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಕೆ.ಕೆ. ಪಾಂಡೆ ಅವರು ಬೆಳಕಿನಿಂದ ಮರದ ಮೇಲ್ಮೈ ಕೆಡುವ ಈ ಕ್ರಿಯೆಯನ್ನೇ ಅಧ್ಯಯನ ಮಾಡಿದವರು. ಬಣ್ಣದ ಬಾಳಿಕೆಯ ಮೇಲೆ ಇದರ ಪರಿಣಾಮವನ್ನು ಅಮೆರಿಕದ ಮ್ಯಾಡಿಸನ್‌ನ ಅರಣ್ಯೋತ್ಪನ್ನ ಪ್ರಯೋಗಾಲಯ ಅಳೆದಿದೆ. ಬಣ್ಣಕ್ಕೆ ಮೊದಲು 16 ವಾರ ಬಯಲಿನಲ್ಲಿಟ್ಟ ಹಲಗೆಗಳಲ್ಲಿ ಬಣ್ಣ 3 ವರ್ಷಕ್ಕೇ ಏಳತೊಡಗಿತು. ಒಂದು ವಾರ ಇಟ್ಟವುಗಳಲ್ಲಿ 13 ವರ್ಷಕ್ಕೆ. ಬಯಲಿಗಿಡದೆ ಬಳಿದವು 13 ವರ್ಷದ ನಂತರವೂ ಎದ್ದಿರಲಿಲ್ಲ. ಅವು ಅಲ್ಲಿಯ ಮರ, ಅಲ್ಲಿಯ ಹವೆ. ವರ್ಷಗಳ ಲೆಕ್ಕವನ್ನು ನಮ್ಮ ತೇಗಕ್ಕೆ ಹಾಗೇ ಅನ್ವಯಿಸಲಾಗದು. ಕಾರಣ ಮಾತ್ರ ಎರಡು ಕಡೆಯೂ ಒಂದೇ.

ಹಾಗೆಂದು ಕಾಯುವುದೆಲ್ಲ ತಪ್ಪಲ್ಲ. ಗಾಳಿಯ ಆರ್ದ್ರತೆ ಶೇಕಡಾ 30 ಇದ್ದಾಗ ಮರದ ತೇವ ಸುಮಾರು ಶೇಕಡಾ 6ಕ್ಕೆ ನಿಲ್ಲುತ್ತದೆ. 85 ಇದ್ದಾಗ ಸುಮಾರು 18ಕ್ಕೆ. ಬೆಂಗಳೂರಿನ ಮಾರ್ಚ್ ಮಧ್ಯಾಹ್ನಕ್ಕೂ ಆಗಸ್ಟ್ ಮುಂಜಾವಿಗೂ ಇರುವ ಅಂತರ ಹೆಚ್ಚುಕಡಿಮೆ ಇಷ್ಟೇ. ಮಳೆಗಾಲದಲ್ಲಿ ಡಿಪೋದಿಂದ ತಂದ ಮರ ಮನೆಯೊಳಗಿನ ಹವೆಗೆ ಹೊಂದಿಕೊಳ್ಳಲು ವಾರಗಳು ಬೇಕು, ಆ ಸಮಯ ಕೊಡಲೇಬೇಕು. ಉಜ್ಜಿದ ಮೇಲೆ ಕೊಟ್ಟರೆ ತೇವಕ್ಕೆ ನಾರೆಳೆಗಳು ನಿಮಿರಿ ಮೇಲ್ಮೈ ಮತ್ತೆ ತರಿತರಿಯಾಗುತ್ತದೆ, ಜೊತೆಗೆ ಸಿಮೆಂಟ್ ಧೂಳು ಕೂರುತ್ತದೆ. ಅರಗಿನ ಸ್ಪಿರಿಟ್ ಪಾಲಿಶ್ ಮಳೆಯ ದಿನ ಬೆಳ್ಳಗಾಗುವುದು ಬೇರೆಯೇ ತೊಂದರೆ. ಗಾಳಿಯ ತೇವ ಪದರದಲ್ಲಿ ಸಿಕ್ಕಿಕೊಳ್ಳುವುದರಿಂದ ಹಾಗಾಗುತ್ತದೆ. ಎಷ್ಟು ಉಜ್ಜಿದರೂ ಅದು ತಪ್ಪದು.

ಆದ್ದರಿಂದ ಕೊನೆಯ ಉಜ್ಜು ಬಡಗಿಯದಲ್ಲ, ಪಾಲಿಶ್‌ನವರದಾಗಬೇಕು: ಕೋಟ್ ಹಾಕುವ ದಿನವೇ 180 ಅಥವಾ 220 ನಂಬರಿನ ಕಾಗದದಲ್ಲಿ ಒಂದು ಕೈ. ಗಟ್ಟಿ ಮರಕ್ಕೆ ಇದು ಸುಲಭ. ಇಂದಿರಾನಗರದ ಫ್ಲ್ಯಾಟುಗಳ ವೆನಿಯರ್ ಪ್ಲೈವುಡ್ಡಿಗೆ ಈ ಮಾತು ಸಲ್ಲದು. ಅದರ ಮೇಲ್ಪದರ ಅರ್ಧ ಮಿಲಿಮೀಟರಿನ ಆಸುಪಾಸು, ಎರಡನೆಯ ಉಜ್ಜಿಗೆ ತಳದ ಪ್ಲೈ ಇಣುಕುವ ಅಪಾಯವಿದೆ. ಅಲ್ಲಿ ಕ್ರಮ ತಿರುವುಮುರುವಾಗಿ, ಬಡಗಿ ಉಜ್ಜಿದ ದಿನವೇ ಒಂದು ಕೋಟ್ ಸೀಲರ್ ಬಿದ್ದು, ಉಳಿದ ಪಾಲಿಶ್ ಪೇಂಟಿನ ಕೆಲಸ ಮುಗಿಯುವವರೆಗೆ ಕಾಯಬಹುದು.