ನಿಷೇಧದ ಹೊರೆ ಯಾರ ಮೇಲೆ? ವಿಜಯವಾಡದ ನಾಸ್ತಿಕ ಕೇಂದ್ರದ ನಿದರ್ಶನ

ಧಾರ್ಮಿಕ ನಿಷೇಧಗಳ ಚರ್ಚೆಯಲ್ಲಿ ಸಮಾಜದ ರಕ್ಷಣೆಯನ್ನೂ ವ್ಯಕ್ತಿಯ ಸ್ವಾತಂತ್ರ್ಯವನ್ನೂ ಎದುರುಬದುರು ನಿಲ್ಲಿಸುವುದು ರೂಢಿ. ವಿಜಯವಾಡದ ಬೆಂಜ್ ಸರ್ಕಲ್ ಬಳಿಯ ನಾಸ್ತಿಕ ಕೇಂದ್ರದ ಚರಿತ್ರೆ ಈ ವಿಂಗಡಣೆಯನ್ನು ಒಪ್ಪುವುದಿಲ್ಲ. ಗೋರಾ (ಗೋಪರಾಜು ರಾಮಚಂದ್ರ ರಾವ್, 1902–1975) ಮತ್ತು ಸರಸ್ವತಿ ಗೋರಾ ದಂಪತಿ 1940ರಲ್ಲಿ ಮುದುನೂರಿನಲ್ಲಿ ಕಟ್ಟಿದ ಈ ಸಂಸ್ಥೆ 1947ರಲ್ಲಿ ಇಲ್ಲಿಗೆ ಬಂತು.

ಗ್ರಹಣದ ಹೊತ್ತು ಬಸುರಿ ಹೊರಗೆ ಬಂದರೆ ಮಗುವಿಗೆ ಊನವಾಗುತ್ತದೆಂಬ ಭಯ ನಮ್ಮ ಮನೆಗಳಲ್ಲೂ ಉಂಟು. ಸರಸ್ವತಿಯವರು ಗರ್ಭಿಣಿಯಾಗಿದ್ದಾಗಲೇ ಗ್ರಹಣ ನೋಡಿದರು. ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸಿದರೆ ಕಣ್ಣಿಗೆ ಹಾನಿಯೆಂಬುದು ದಿಟ. ಆದರೆ ಆ ಹಾನಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಕದ ಮುಚ್ಚಿದ ಕೋಣೆಯಲ್ಲಿ, ಕತ್ತರಿ ಚಾಕು ಮುಟ್ಟದೆ, ಗ್ರಹಣ ಬಿಡುವವರೆಗೆ ಕೂರಬೇಕಾದವಳು ಮಾತ್ರ ಬಸುರಿ. ಅಪಾಯ ಎಲ್ಲರದು, ಕಟ್ಟುಪಾಡು ಒಬ್ಬಳದು ಎಂದಾದಲ್ಲಿ ರಕ್ಷಣೆಯ ವಾದ ನಿಲ್ಲುವುದಿಲ್ಲ.

ಕೊಡಗಿನ ದೇವರಕಾಡು ಬೇರೆಯೇ ಮಾತು ಹೇಳುತ್ತದೆ. ಅಲ್ಲಿ ಮರಕ್ಕೆ ಕೊಡಲಿ ಹಾಕಬಾರದೆಂಬ ಕಟ್ಟು ಊರಿನ ಯಾರನ್ನೂ ಬಿಡದು. ಅದು ಉಳಿಸಿದ ನೀರು, ನೆರಳು ಕೂಡ ಎಲ್ಲರ ಪಾಲಿನದೇ. ಇಂಥ ನಿಷೇಧವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಅವಸರದ ತೀರ್ಮಾನ. ಹಾಗಿದ್ದೂ ಒತ್ತುವರಿ ಮತ್ತು ಕಾಫಿ ತೋಟಗಳ ಮುಂದೆ ಈ ಕಾಡುಗಳು ಬಹಳಷ್ಟು ಕರಗಿಹೋದವು.

ಗೋರಾ ಕುಟುಂಬ ನಿಷೇಧಗಳನ್ನು ಮುರಿದದ್ದು ತಮ್ಮ ಇಷ್ಟದಂತೆ ಬದುಕಲೆಂದಷ್ಟೇ ಅಲ್ಲ. ಮಗಳು ಮನೋರಮಾ ಅಸ್ಪೃಶ್ಯರೆನಿಸಿದ ಜಾತಿಯ ಅರ್ಜುನ ರಾವ್ ಅವರನ್ನು ವರಿಸಿದಾಗ, ಆ ಮದುವೆಯನ್ನು ತಾವೇ ನಡೆಸಿಕೊಡಲು ಗಾಂಧೀಜಿ ಒಪ್ಪಿದ್ದರು. ದೇವರ ಹೆಸರಿನ ಬದಲು ಸತ್ಯದ ಹೆಸರಿನಲ್ಲಿ ಪ್ರಮಾಣ ಮಾಡಿಸಲೂ ಸಿದ್ಧರಿದ್ದರು. ಗಾಂಧೀಜಿಯವರ ಹತ್ಯೆಯ ಬಳಿಕ, 1948ರ ಮಾರ್ಚ್‌ನಲ್ಲಿ, ಅವರ ಸೇವಾಗ್ರಾಮ ಆಶ್ರಮದಲ್ಲೇ ಮದುವೆ ನಡೆಯಿತು. 1960ರಲ್ಲಿ ಮಗ ಲವಣಂ, ದಲಿತ ಕವಿ ಗುರ್ರಂ ಜಾಷುವಾ ಅವರ ಮಗಳು ಹೇಮಲತಾ ಅವರ ಕೈಹಿಡಿದರು. ಮನೆಯ ಮದುವೆಗಳನ್ನೇ ಸಮಾಜದ ಎದುರು ಪ್ರಯೋಗವಾಗಿಟ್ಟ ಈ ಧೈರ್ಯವನ್ನು ಸ್ವೇಚ್ಛೆಯೆನ್ನಲು ನನಗೆ ಮನಸ್ಸು ಬಾರದು. ಇಲ್ಲಿ ಒಬ್ಬರ ಬಿಡುಗಡೆಯೇ ಸಮಾಜ ಕಟ್ಟುವ ಕೆಲಸವಾಗಿತ್ತು.

ಮುಂದೆ ಹೇಮಲತಾ ಅವರು ನಿಜಾಮಾಬಾದ್ ಜಿಲ್ಲೆಯಲ್ಲಿ, ದೇವದಾಸಿಯರಂತೆ ದೇವರಿಗೆ ಬಿಟ್ಟ ಜೋಗಿನಿಯರ ನಡುವೆ ದುಡಿದರು. ಜೋಗಿನಿಯಾಗಿ ಬಿಟ್ಟವಳಿಗೆ ಮದುವೆ ನಿಷಿದ್ಧವಾಗಿತ್ತು. ಅವಳನ್ನು ಬಳಸಿಕೊಳ್ಳುವ ಗಂಡಸರಿಗೆ ಯಾವ ನಿಷೇಧವೂ ಇರಲಿಲ್ಲ. ದೇವದಾಸಿಯಾಗಿ ಬಿಡುವುದನ್ನು ತಡೆಯಲು ಕರ್ನಾಟಕ 1982ರಲ್ಲಿ, ಆಂಧ್ರ 1988ರಲ್ಲಿ ಕಾಯ್ದೆ ಮಾಡಿದಾಗ, ಅಂಥ ಹೆಣ್ಣಿನ ಮದುವೆ ಊರ್ಜಿತ, ಆ ಮದುವೆಯ ಮಕ್ಕಳು ಕಾನೂನುಬದ್ಧ ಸಂತಾನ ಎಂದು ಬಿಡಿಸಿ ಬರೆಯಬೇಕಾಯಿತು.