ಪಿಲ್ಲೆಮರ್ ಕಂಡದ್ದು ಸುಳ್ಳಾಗಿರಲಿಲ್ಲ

ನನ್ನ ಪಿಎಚ್.ಡಿ. ಕೆಲಸವೆಲ್ಲ ಸಿ3 ಎಂಬ ಒಂದೇ ಪ್ರೋಟೀನಿನ ಸುತ್ತ. ರಕ್ತದಲ್ಲಿದ್ದು ಸೋಂಕಿನಿಂದ ನಮ್ಮನ್ನು ಕಾಯುವ ‘ಕಾಂಪ್ಲಿಮೆಂಟ್’ ಎಂಬ ಪ್ರೋಟೀನುಗಳ ಗುಂಪಿಗೆ ಇದೇ ಆಧಾರ. ಇದರ ಹಳೆಯ ಲೇಖನಗಳನ್ನು ಓದುವಾಗ ಲೂಯಿಸ್ ಪಿಲ್ಲೆಮರ್ ಎಂಬಾತನ ಕಥೆ ಸಿಕ್ಕಿತು. ಅದು ನನ್ನನ್ನು ಇನ್ನೂ ಬಿಟ್ಟಿಲ್ಲ.

ಕಥೆಯ ಮೂಲ 1890ರ ದಶಕದ ಪ್ಯಾರಿಸ್ಸಿನಲ್ಲಿದೆ. ರೋಗಾಣುಗಳನ್ನು ಕೊಲ್ಲಬಲ್ಲ ರಕ್ತದ್ರವವನ್ನು ಸುಮಾರು 55 ಡಿಗ್ರಿಗೆ ಕಾಯಿಸಿದರೆ ಅದರ ಶಕ್ತಿ ಹೋಗುತ್ತದೆ, ತುಸು ತಾಜಾ ರಕ್ತದ್ರವ ಬೆರೆಸಿದರೆ ಮರಳುತ್ತದೆ ಎಂದು ಪಾಶ್ಚರ್ ಸಂಸ್ಥೆಯಲ್ಲಿದ್ದ ಜೂಲ್ ಬೋರ್ಡೆ ತೋರಿಸಿದ. ಶಾಖ ತಾಳುವುದು ಪ್ರತಿಕಾಯ, ಶಾಖಕ್ಕೆ ಕೆಡುವುದು ಕಾಂಪ್ಲಿಮೆಂಟ್. ಪ್ರತಿಕಾಯ ಶತ್ರುವನ್ನು ತೋರಿಸಿಕೊಡದೆ ಕಾಂಪ್ಲಿಮೆಂಟ್ ಏಳುವುದಿಲ್ಲ ಎಂಬ ನಂಬಿಕೆ ಕ್ರಮೇಣ ಗಟ್ಟಿಯಾಯಿತು.

1954ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿದ್ದ ಪಿಲ್ಲೆಮರ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಬೇರೆಯದೇ ಮಾತು ಹೇಳಿದರು. ಯೀಸ್ಟಿನ ಕೋಶಭಿತ್ತಿಯಿಂದ ತೆಗೆದ ಜೈಮೋಸಾನ್ ಬೆರೆಸಿದರೆ ಪ್ರತಿಕಾಯದ ಹಂಗಿಲ್ಲದೆಯೇ ಸಿ3 ಕೆಲಸಕ್ಕಿಳಿಯುತ್ತದೆ. ಅದಕ್ಕೆ ‘ಪ್ರೊಪರ್ಡಿನ್’ ಎಂಬ ಹೊಸ ಪ್ರೋಟೀನು ಬೇಕು. ಮೊದಲು ಹೊಗಳಿಕೆ ಬಂತು, ಹಿಂದೆಯೇ ಅನುಮಾನವೂ ಬಂತು. 1957ರಲ್ಲಿ, ಐವತ್ತು ತುಂಬುವ ಮೊದಲೇ, ಪಿಲ್ಲೆಮರ್ ತೀರಿಕೊಂಡರು. ಜೈಮೋಸಾನ್‌ಗೆ ಅಂಟುವ ಸಹಜ ಪ್ರತಿಕಾಯಗಳಿಂದಲೇ ಇದೆಲ್ಲ ಆಗಿರಬಹುದಲ್ಲ ಎಂದು 1958ರಲ್ಲಿ ರಾಬರ್ಟ್ ನೆಲ್ಸನ್ ವಾದಿಸಿದರು. ಆ ಪ್ರಶ್ನೆ ಅನ್ಯಾಯದ್ದೇನಲ್ಲ. ಯಾರೂ ಕರೆಯದೆ ಈ ಪ್ರೋಟೀನು ಎದ್ದದ್ದು ಹೇಗೆ ಎಂಬುದಕ್ಕೆ ಆಗ ಉತ್ತರವಿರಲಿಲ್ಲ.

ಉತ್ತರ ಸಿ3ಯ ಆಕಾರದಲ್ಲೇ ಇತ್ತು. ಅದರೊಳಗೆ ಥಯೋಎಸ್ಟರ್ ಎಂಬ ಚುರುಕಾದ ಬಂಧವೊಂದು ಅಡಗಿದೆ. ಆಗೊಮ್ಮೆ ಈಗೊಮ್ಮೆ ನೀರಿನ ಅಣು ಅಲ್ಲಿಗೆ ನುಸುಳಿ ಬಂಧವನ್ನು ಮುರಿಯುತ್ತದೆ. ಆಗ ಪ್ರೋಟೀನಿನ ರೂಪ ಬದಲಾಗಿ, ಬೇರೆ ಪ್ರೋಟೀನುಗಳು ಬಂದು ಕೂಡಲು ಜಾಗವಾಗುತ್ತದೆ. ಆ ಜೋಡಿ ಇನ್ನಷ್ಟು ಸಿ3ಗಳನ್ನು ಸಿ3ಎ, ಸಿ3ಬಿ ಎಂದು ಕತ್ತರಿಸುತ್ತದೆ. ಸಿ3ಬಿ ರೋಗಾಣುವಿನ ಮೈಗೆ ಅಂಟಿಕೊಳ್ಳುತ್ತದೆ. ಸಿ3ಎ ಹತ್ತಿರದ ಮಾಸ್ಟ್ ಕೋಶಗಳಿಂದ ಹಿಸ್ಟಮಿನ್ ಹೊರಡಿಸುತ್ತದೆ. ರಕ್ತನಾಳ ಸೋರಿ ಜಾಗ ಕೆಂಪಾಗಿ ಊದಿಕೊಳ್ಳುತ್ತದೆ. ನಾವು ಉರಿಯೂತ ಎನ್ನುವುದು ಇದನ್ನೇ. ಪ್ರೊಪರ್ಡಿನ್ ಆ ಕತ್ತರಿ ಬೇಗ ಬಿಚ್ಚಿಹೋಗದಂತೆ ಹಿಡಿದಿಡುತ್ತದೆ.

1971ರಲ್ಲಿ ಗೋಟ್ಸೆ ಮತ್ತು ಮುಲ್ಲರ್-ಎಬರ್‌ಹಾರ್ಡ್ ಈ ಪರ್ಯಾಯ ದಾರಿಯ ಬಗ್ಗೆ ಬರೆದರು. ಆ ದಶಕದಲ್ಲಿ ಅದಕ್ಕೆ ಒಪ್ಪಿಗೆಯೂ ಸಿಕ್ಕಿತು. ಕಣ್ಣಾರೆ ಕಂಡದ್ದು ಇನ್ನೂ ತಡವಾಗಿ. 2005 ಮತ್ತು 2006ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಪೀಟ್ ಗ್ರೋಸ್ ತಂಡ ಸಿ3 ಮತ್ತು ಸಿ3ಬಿಗಳ ರಚನೆಗಳನ್ನು ಬಿಡಿಸಿತು. ಎರಡನ್ನೂ ಪಕ್ಕಪಕ್ಕ ಇಟ್ಟರೆ, ಒಳಗೆ ಅವಿತಿದ್ದ ಥಯೋಎಸ್ಟರ್ ಭಾಗ ದೂರ ಸರಿದು ಹೊರಗೆ ಚಾಚಿರುವುದು ಕಾಣುತ್ತದೆ.

ಹೀಗೆ ತಾನೇ ಏಳುವ ಕಾವಲುಗಾರನಿಂದ ಅಪಾಯವೂ ಇದೆ. ನಮ್ಮ ಜೀವಕೋಶಗಳನ್ನು ಸಿ3ಬಿಯಿಂದ ಕಾಯಲು ಫ್ಯಾಕ್ಟರ್ ಎಚ್ ಎಂಬ ಪ್ರೋಟೀನಿದೆ. ಈ ಹಿಡಿತ ತಪ್ಪಿದರೆ ಕೆಲವರ ಮೂತ್ರಪಿಂಡ ಹಾಳಾಗುತ್ತದೆ. ವಯಸ್ಸಾದವರ ಅಕ್ಷಿಪಟಲ ಸವೆಯುವ ಕಾಯಿಲೆಗೂ ಇದಕ್ಕೂ ನಂಟಿರುವುದು 2005ರಲ್ಲಿ ತಿಳಿಯಿತು.

ನನ್ನ ಪ್ರಯೋಗದಲ್ಲೂ ಒಮ್ಮೊಮ್ಮೆ ಏನೂ ಬೆರೆಸದ ನಳಿಕೆಯಲ್ಲೇ ಸಿ3 ಕರಗಿರುತ್ತದೆ. ಮೊದಲು ನನ್ನ ಕೈತಪ್ಪನ್ನೇ ಹುಡುಕುತ್ತೇನೆ, ನೆಲ್ಸನ್ ಕೇಳಿದ ಹಾಗೆ. ಆದರೆ ಆ ಪುಟವನ್ನು ಈಗ ಹರಿದು ಹಾಕುವುದಿಲ್ಲ. ದಿನಾಂಕ ಬರೆದು ಇಡುತ್ತೇನೆ.