ಭಾನುವಾರ ಬೆಳಗ್ಗೆ ಅಂಗಡಿ ತೆರೆಯಬಹುದೇ?

ಇಂಗ್ಲೆಂಡಿನ ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಕೆಲವು ಭಾನುವಾರ ಬೆಳಗ್ಗೆ ಒಂಬತ್ತೂವರೆಗೇ ಬಾಗಿಲು ತೆರೆಯುತ್ತವೆ. ಜನ ಗಾಡಿ ತಳ್ಳಿಕೊಂಡು ಹಾಲು, ಬ್ರೆಡ್ಡು, ತರಕಾರಿ ತುಂಬಿಕೊಳ್ಳುತ್ತಾ ಓಡಾಡುತ್ತಾರೆ. ಆದರೆ ಹತ್ತು ಗಂಟೆಯಾಗುವ ತನಕ ಬಿಲ್ ಹಾಕುವಂತಿಲ್ಲ. ತುಂಬಿದ ಗಾಡಿ ಹಿಡಿದವರು ಕೌಂಟರಿನ ಮುಂದೆ ಸಾಲಾಗಿ ಕಾಯುತ್ತಾರೆ. ನೋಡುವುದಕ್ಕೆ ಅಡ್ಡಿಯಿಲ್ಲ, ಮಾರುವುದಕ್ಕೆ ಮಾತ್ರ ಅಡ್ಡಿ. 1994ರ ಕಾನೂನು ಉಂಟುಮಾಡಿದ ಪರಿಸ್ಥಿತಿ ಇದು. ಆ ಅರ್ಧ ಗಂಟೆಯ ಹಿಂದೆ ಸುಮಾರು ಹದಿನೇಳು ಶತಮಾನಗಳ ಜಗಳವಿದೆ.

ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರಿ.ಶ. 321ರ ಮಾರ್ಚ್‌ನಲ್ಲಿ ಹೊರಡಿಸಿದ ಆಜ್ಞೆಯಿಂದ ಈ ಕಥೆ ಶುರುವಾಗುತ್ತದೆ. ನ್ಯಾಯಾಧೀಶರು, ಪಟ್ಟಣಿಗರು, ಕುಶಲಕರ್ಮಿಗಳು ಸೂರ್ಯನ ದಿನ ವಿಶ್ರಮಿಸಬೇಕು. ರೈತರು ಮಾತ್ರ ಹೊಲದ ಕೆಲಸ ಮಾಡಬಹುದು, ಹದ ತಪ್ಪಿದರೆ ಬೆಳೆ ಕೈಗೆ ಬರುವುದಿಲ್ಲ ಎಂದಿತು ಆ ಆಜ್ಞೆ. ವಿನಾಯಿತಿ ಅಂದರೆ ಈ ಕಾನೂನಿನ ಜೊತೆಗೇ ಹುಟ್ಟಿದ್ದು. ಇಂಗ್ಲೆಂಡಿನಲ್ಲಿ 1448ರಲ್ಲಿ ಭಾನುವಾರದ ಸಂತೆ, ಜಾತ್ರೆಗಳನ್ನು ನಿಷೇಧಿಸಿದಾಗಲೂ ಸುಗ್ಗಿಯ ನಾಲ್ಕು ಭಾನುವಾರಗಳನ್ನು ಬಿಟ್ಟುಕೊಟ್ಟರು. 1677ರ ಕಾಯ್ದೆ ಇನ್ನೂ ಬಿಗಿಯಾಗಿ, ಆ ದಿನ ದೈನಂದಿನ ಕಸುಬನ್ನೇ ತಡೆಯಿತು. ಇಂಗ್ಲೆಂಡಿನ ಈ ಕಾನೂನುಗಳ ಉದ್ದೇಶ ಒಂದೇ: ಜನ ಚರ್ಚಿಗೆ ಹೋಗಬೇಕು.

ಇಪ್ಪತ್ತನೆಯ ಶತಮಾನದ ಹೊತ್ತಿಗೆ ಕಾನೂನಿನ ಮೈ ಹಾಗೇ ಉಳಿದು ಒಳಗಿನ ಉಸಿರು ಬದಲಾಯಿತು. ದಿನವಿಡೀ ನಿಂತು ದುಡಿಯುವ ಅಂಗಡಿ ಆಳುಗಳಿಗೆ ವಾರಕ್ಕೊಂದು ದಿನವಾದರೂ ಬಿಡುವು ಸಿಗಬೇಕೆಂದು ಕಾರ್ಮಿಕ ಸಂಘಗಳು ಹೋರಾಡುತ್ತಿದ್ದವು. ಬ್ರಿಟನ್ನಿನ 1936ರ ಕಾಯ್ದೆ, ಆಮೇಲೆ 1950ರ ಶಾಪ್ಸ್ ಆಕ್ಟ್ ಚರ್ಚು, ಬಿಡುವು ಎಂಬ ಎರಡು ಕಾಳಜಿಗಳನ್ನೂ ಒಟ್ಟಿಗೆ ಹೊತ್ತವು. ತೊಂದರೆ ಬಂದದ್ದು 1950ರ ಕಾಯ್ದೆಯ ಐದನೆಯ ಅನುಸೂಚಿಯಿಂದ. ಭಾನುವಾರ ಯಾವುದನ್ನು ಮಾರಬಹುದು ಎಂಬ ಪಟ್ಟಿ ಅದು. ತಾಜಾ ಹಾಲು ಮಾರಬಹುದು, ಡಬ್ಬಿಯ ಹಾಲು ಮಾರುವಂತಿಲ್ಲ. ಪತ್ರಿಕೆಯ ಅಂಗಡಿಯಲ್ಲಿ ಅಶ್ಲೀಲ ಮ್ಯಾಗಜೀನ್ ಮಾರಬಹುದು, ಬೈಬಲ್ ಮಾರುವಂತಿಲ್ಲ. ಕರಿದ ಮೀನನ್ನು ಬೇರೆ ಕಡೆ ಮಾರಬಹುದು, ಕರಿದ ಮೀನಿನ ಅಂಗಡಿಯಲ್ಲೇ ಮಾರುವಂತಿಲ್ಲ. ಚರ್ಚಿಗೆಂದು ಹುಟ್ಟಿದ ಕಾನೂನು ಬೈಬಲ್ಲನ್ನೇ ತಡೆಯುವ ಹಂತಕ್ಕೆ ಬಂದಿತ್ತು. ಜನ ಕಾನೂನಿನ ಮೇಲೆ ಗೌರವ ಕಳೆದುಕೊಂಡರೆ ಅವರನ್ನು ದೂರುವುದಕ್ಕಾಗುವುದಿಲ್ಲ.

1984ರಲ್ಲಿ ಆಲ್ಡ್ ಸಮಿತಿ ನಿರ್ಬಂಧವನ್ನೆಲ್ಲ ತೆಗೆದುಹಾಕಿ ಎಂದು ಶಿಫಾರಸು ಮಾಡಿತು. ಮಾರ್ಗರೆಟ್ ಥ್ಯಾಚರ್ ಸರ್ಕಾರ ಅದಕ್ಕೊಂದು ಮಸೂದೆ ತಂದಿತು. 1986ರ ಏಪ್ರಿಲ್ 14ರ ರಾತ್ರಿ ಕಾಮನ್ಸ್ ಸಭೆಯಲ್ಲಿ ಆ ಮಸೂದೆ 14 ಮತಗಳಿಂದ ಬಿತ್ತು. ಭಾರೀ ಬಹುಮತದ ಸರ್ಕಾರದ ವಿರುದ್ಧ ಅದರದೇ ಪಕ್ಷದ 72 ಸದಸ್ಯರು ಮತ ಹಾಕಿದ್ದರು. ಹೊರಗೆ ಚರ್ಚಿನವರೂ, ಅಂಗಡಿ ಕಾರ್ಮಿಕರ ಸಂಘವಾದ ಉಸ್ಡಾದವರೂ ಒಂದೇ ಪಾಳಯದಲ್ಲಿದ್ದರು. ಒಬ್ಬರಿಗೆ ಪ್ರಾರ್ಥನೆಯ ಚಿಂತೆ, ಇನ್ನೊಬ್ಬರಿಗೆ ದುಡಿಯುವವರ ಚಿಂತೆ. ಈ ಜೋಡಿಯನ್ನು ಮುಂದೆ ಬೇರೆ ದೇಶಗಳಲ್ಲೂ ಕಾಣುತ್ತೇವೆ.

ಎಂಟು ವರ್ಷಗಳ ನಂತರ ರಾಜಿಯಾಯಿತು. 1994ರ ಸಂಡೇ ಟ್ರೇಡಿಂಗ್ ಆಕ್ಟ್ ಪ್ರಕಾರ 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಬೆಳಗ್ಗೆ ಹತ್ತರಿಂದ ಸಂಜೆ ಆರರೊಳಗೆ ಸತತವಾಗಿ ಆರು ಗಂಟೆ ಮಾತ್ರ ವ್ಯಾಪಾರ ಮಾಡಬಹುದು. ಈಸ್ಟರ್ ಭಾನುವಾರ ಪೂರ್ತಿ ಮುಚ್ಚಬೇಕು. ಚಿಕ್ಕ ಅಂಗಡಿಗಳಿಗೆ ಕಟ್ಟುಪಾಡಿಲ್ಲ. ಬೀದಿ ಮೂಲೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ಭಾರತೀಯ ಮೂಲದ ಸಾವಿರಾರು ಕುಟುಂಬಗಳಿಗೆ ಭಾನುವಾರದ ಬೆಳಗು ಹೀಗೆ ಒಳ್ಳೆಯ ವ್ಯಾಪಾರದ ಹೊತ್ತಾಯಿತು. ನನ್ನ ಲೆಕ್ಕದಲ್ಲಿ ಈ ಕಾಯ್ದೆಯ ತೂಕದ ಭಾಗ ಗಂಟೆಗಳ ಲೆಕ್ಕವಲ್ಲ, ನೌಕರರಿಗೆ ಕೊಟ್ಟ ಹಕ್ಕು: ಮೂರು ತಿಂಗಳ ನೋಟಿಸ್ ಕೊಟ್ಟು ಭಾನುವಾರ ಕೆಲಸಕ್ಕೆ ಬರುವುದಿಲ್ಲ ಎನ್ನಬಹುದು, ಅದಕ್ಕಾಗಿ ಕೆಲಸದಿಂದ ತೆಗೆಯುವಂತಿಲ್ಲ. ಸ್ಕಾಟ್ಲೆಂಡಿನಲ್ಲಿ ಅಂಗಡಿಗಳ ಮೇಲೆ ಇಂಥ ನಿರ್ಬಂಧವೇ ಇಲ್ಲ, ಆದರೆ 2003ರಲ್ಲಿ ಅಲ್ಲಿನ ನೌಕರರಿಗೂ ಇದೇ ಹಕ್ಕನ್ನು ಕಾನೂನು ಮಾಡಿ ಕೊಟ್ಟರು. 2016ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಸಮಯಮಿತಿಯನ್ನು ಸಡಿಲಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಲು ಸರ್ಕಾರ ಹೊರಟಾಗ 317ಕ್ಕೆ 286 ಮತಗಳಿಂದ ಮತ್ತೆ ಸೋತಿತು.

ಅಮೆರಿಕದಲ್ಲಿ ವಾದ ನಡೆದದ್ದು ಕೋರ್ಟಿನಲ್ಲಿ. ಮೇರಿಲ್ಯಾಂಡ್ ರಾಜ್ಯದ ಆನ್ ಅರುಂಡೆಲ್ ಕೌಂಟಿಯ ಹೆದ್ದಾರಿ ಬದಿಯ ದೊಡ್ಡ ರಿಯಾಯಿತಿ ಮಳಿಗೆಯೊಂದರಲ್ಲಿ ಭಾನುವಾರ ಒಂದು ಫೈಲು, ನೆಲಕ್ಕೆ ಹಚ್ಚುವ ಮೇಣದ ಡಬ್ಬಿ, ಸ್ಟೇಪ್ಲರ್, ಅದರ ಪಿನ್ನು, ಒಂದು ಆಟಿಕೆ ಮಾರಿದರು. ಅಷ್ಟಕ್ಕೆ ಏಳು ನೌಕರರಿಗೆ ತಲಾ ಐದು ಡಾಲರ್ ದಂಡ ಬಿತ್ತು. ಅಲ್ಲೂ ಹಾಲು, ಬ್ರೆಡ್ಡು, ತಂಬಾಕು, ಪೆಟ್ರೋಲ್ ಮಾರಲು ಅಡ್ಡಿಯಿರಲಿಲ್ಲ. ದಂಡ ಬಿದ್ದದ್ದು ಮಾಲೀಕರಿಗಲ್ಲ, ಹೇಳಿದಷ್ಟು ಕೆಲಸ ಮಾಡಿದ ನೌಕರರಿಗೆ ಎಂಬುದನ್ನು ಗಮನಿಸಬೇಕು. 1961ರಲ್ಲಿ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ ಈ ಕಾನೂನನ್ನು ಎತ್ತಿಹಿಡಿದರು: ಮೂಲ ಧಾರ್ಮಿಕವಾದದ್ದೇ ಇರಬಹುದು, ಈಗಿನ ಉದ್ದೇಶ ಎಲ್ಲರಿಗೂ ಒಂದೇ ದಿನ ವಿಶ್ರಾಂತಿ ಕೊಡುವುದು ಎಂದರು. ಅದೇ ದಿನ ಫಿಲಡೆಲ್ಫಿಯಾದ ಯಹೂದಿ ವ್ಯಾಪಾರಿಗಳ ಮೊಕದ್ದಮೆಯೂ ಬಿದ್ದುಹೋಯಿತು. ಶನಿವಾರ ಅವರ ಧರ್ಮ ಅಂಗಡಿ ಮುಚ್ಚಿಸುತ್ತಿತ್ತು, ಭಾನುವಾರ ಸರ್ಕಾರ ಮುಚ್ಚಿಸುತ್ತಿತ್ತು. ಪಕ್ಕದ ಅಂಗಡಿಗೆ ವಾರಕ್ಕೆ ಆರು ದಿನದ ವ್ಯಾಪಾರ, ಇವರಿಗೆ ಐದೇ ದಿನ. ಎಲ್ಲರಿಗೂ ಒಂದೇ ದಿನ ಎಂಬ ಮಾತು ಕೇಳಲು ಸಮಾನತೆಯಂತಿದ್ದರೂ ಅದರ ಹೊರೆ ಸಮನಾಗಿ ಬೀಳಲಿಲ್ಲ. ಈ ತೀರ್ಪಿನ ವಿಷಯದಲ್ಲಿ ಭಿನ್ನಮತ ಬರೆದ ನ್ಯಾಯಮೂರ್ತಿಗಳ ಪರವೇ ನಾನು. ಬ್ರಿಟನ್ನಿನ 1950ರ ಕಾಯ್ದೆ ಈ ವಿಷಯದಲ್ಲಿ ಮೇಲು. ಶನಿವಾರ ಮುಚ್ಚುವ ಯಹೂದಿಗಳು ಭಾನುವಾರ ಮಧ್ಯಾಹ್ನ ಎರಡರವರೆಗೆ ತೆರೆಯಬಹುದೆಂದು ಅದು ಹೇಳಿತ್ತು.

ಕೆನಡಾದ ಸುಪ್ರೀಂ ಕೋರ್ಟ್ 1985ರಲ್ಲಿ ಬೇರೆ ದಾರಿ ಹಿಡಿಯಿತು. ಕ್ಯಾಲ್ಗರಿಯ ಬಿಗ್ ಎಂ ಡ್ರಗ್ ಮಾರ್ಟ್ ಪ್ರಕರಣದಲ್ಲಿ, ಒಂದು ಧರ್ಮದ ಪವಿತ್ರ ದಿನವನ್ನು ಎಲ್ಲರ ಮೇಲೆ ಹೇರುವುದು ಧಾರ್ಮಿಕ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ದೇಶದ ಭಾನುವಾರದ ಕಾಯ್ದೆಯನ್ನೇ ರದ್ದು ಮಾಡಿತು. ಮರುವರ್ಷ ಕಾರ್ಮಿಕರ ಬಿಡುವಿಗೆಂದೇ ಮಾಡಿದ ಒಂಟೇರಿಯೊ ಪ್ರಾಂತ್ಯದ ಕಾನೂನನ್ನು ಉಳಿಸಿತು.

ಬೆಳಗಿನ ಹೊತ್ತನ್ನಷ್ಟೇ ತಡೆದ ಕಾನೂನಿಗೆ ಸ್ಪಷ್ಟ ಉದಾಹರಣೆ ನಾರ್ತ್ ಡಕೋಟಾ. 1991ರಿಂದ ಅಲ್ಲಿ ಬಹುತೇಕ ಅಂಗಡಿಗಳು ಭಾನುವಾರ ಮಧ್ಯಾಹ್ನ ಹನ್ನೆರಡರ ಮೇಲೆ ತೆರೆಯಬಹುದಿತ್ತು, ಅದಕ್ಕೆ ಮುಂಚೆ ತೆರೆದರೆ ಅಪರಾಧ. ಫಾರ್ಗೋ ಊರಿನಲ್ಲಿ ಬೆಳಗ್ಗೆ ಸಾಮಾನು ಬೇಕಾದವರು ನದಿ ದಾಟಿ ಮಿನೆಸೋಟಾದ ಮೂರ್‌ಹೆಡ್‌ಗೆ ಹೋದರೆ ಸಾಕಿತ್ತು. 2019ರಲ್ಲಿ ಆ ಕಾನೂನು ಹೋಯಿತು. ನ್ಯೂಜೆರ್ಸಿಯ ಬರ್ಗನ್ ಕೌಂಟಿಯಲ್ಲಿ ಮಾತ್ರ ಬಟ್ಟೆ, ಪೀಠೋಪಕರಣದ ಅಂಗಡಿಗಳು ಭಾನುವಾರ ಇಂದಿಗೂ ಮುಚ್ಚಿರುತ್ತವೆ. ಅಲ್ಲಿನವರು ಅದನ್ನು ಉಳಿಸಿಕೊಂಡಿರುವುದಕ್ಕೆ ಭಕ್ತಿಗಿಂತ ಹೆಚ್ಚಾಗಿ ಪ್ಯಾರಾಮಸ್‌ನ ಮಾಲ್‌ಗಳಿಗೆ ನುಗ್ಗುವ ವಾಹನಗಳ ಕಾಟ ಕಾರಣ. ಅಲ್ಲಿಗೆ ನೆಂಟರ ಮನೆಗೆ ಹೋದ ಕನ್ನಡಿಗರು ಭಾನುವಾರ ಶಾಪಿಂಗ್ ಇಟ್ಟುಕೊಂಡರೆ ನಿರಾಸೆ ಖಂಡಿತ.

ಜರ್ಮನಿಯಲ್ಲಿ ಭಾನುವಾರದ ಬಿಡುವಿಗೆ ಸಂವಿಧಾನದ ರಕ್ಷಣೆಯೇ ಇದೆ. ಬರ್ಲಿನ್ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕೂ ಭಾನುವಾರ ವ್ಯಾಪಾರಕ್ಕೆ ಅನುಮತಿ ಕೊಟ್ಟಾಗ ಚರ್ಚುಗಳು ಕೋರ್ಟಿಗೆ ಹೋದವು, 2009ರ ಡಿಸೆಂಬರ್‌ನಲ್ಲಿ ಗೆದ್ದವು. ಹಂಗೆರಿ 2015ರಲ್ಲಿ ನಿಷೇಧ ತಂದು ಮರುವರ್ಷವೇ ಹಿಂತೆಗೆದುಕೊಂಡಿತು. ಪೋಲೆಂಡಿನಲ್ಲಿ ಸಾಲಿಡಾರಿಟಿ ಕಾರ್ಮಿಕ ಸಂಘದ ಒತ್ತಾಯದಿಂದ 2018ರಲ್ಲಿ ಬಂದ ಕಾನೂನು ಉಳಿದುಕೊಂಡಿದೆ. ಮಾಲೀಕನೇ ಕೌಂಟರಿನಲ್ಲಿ ಕೂತರೆ ತೆರೆಯಬಹುದು, ಆಳನ್ನು ಕೂರಿಸುವಂತಿಲ್ಲ. ಯಾರ ಬಿಡುವನ್ನು ಕಾಯುತ್ತಿದ್ದೇವೆ ಎಂಬುದು ಆ ಕಾನೂನಿಗೆ ಗೊತ್ತಿದೆ. ಆದರೂ ದೊಡ್ಡ ಅಂಗಡಿಗಳು ತಾವು ಅಂಚೆ ಸೇವೆಯ ಕೇಂದ್ರಗಳೆಂದು ಹೇಳಿಕೊಂಡು ತೆರೆದವು; ಆ ಸಂದನ್ನು ಮುಚ್ಚಲು 2022ರವರೆಗೆ ಕಾಯಬೇಕಾಯಿತು.

ನಮ್ಮಲ್ಲಿ ಭಾನುವಾರದ ರಜೆ ಪ್ರಾರ್ಥನೆಗಿಂತ ದುಡಿಮೆಯ ದಾರಿಯಿಂದ ಬಂತು. ಬೊಂಬಾಯಿಯ ಗಿರಣಿ ಕಾರ್ಮಿಕರಿಗಾಗಿ ನಾರಾಯಣ ಮೇಘಾಜಿ ಲೋಖಂಡೆ 1884ರಿಂದ ಮಾಡಿದ ಹೋರಾಟದ ಫಲವಾಗಿ 1890ರಲ್ಲಿ ಗಿರಣಿ ಮಾಲೀಕರು ಒಪ್ಪಿದರು. 1942ರ ಕೇಂದ್ರ ಕಾಯ್ದೆ ವಾರದ ರಜೆ ಇರಬೇಕೆಂದಿತು, ಯಾವ ವಾರ ಎಂಬುದನ್ನು ಅಂಗಡಿಯವರ ಆಯ್ಕೆಗೆ ಬಿಟ್ಟಿತು. ಹಲವು ಧರ್ಮಗಳ, ಊರಿಗೊಂದು ವಾರದ ಸಂತೆಯಿರುವ ದೇಶಕ್ಕೆ ಇದಕ್ಕಿಂತ ವಿವೇಕದ ದಾರಿ ಇರಲಿಲ್ಲ. 1961ರ ನಮ್ಮ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ವಾರಕ್ಕೊಂದು ಪೂರ್ತಿ ದಿನದ ರಜೆಯನ್ನು ನೌಕರರ ಹಕ್ಕಾಗಿಸಿದೆ. 2021ರ ಜನವರಿಯಲ್ಲಿ ರಾಜ್ಯ ಸರ್ಕಾರ ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ವರ್ಷವಿಡೀ ಹಗಲೂ ರಾತ್ರಿ ತೆರೆದಿರಬಹುದೆಂದು ಅಧಿಸೂಚನೆ ಹೊರಡಿಸಿತು. ಅದರಲ್ಲಿ ಷರತ್ತುಗಳಿದ್ದವು: ಸರದಿಯ ಮೇಲೆ ಪ್ರತಿಯೊಬ್ಬರಿಗೂ ವಾರದ ರಜೆ ಕೊಡಲು ಹೆಚ್ಚುವರಿ ನೌಕರರನ್ನು ನೇಮಿಸಬೇಕು, ಆ ದಿನ ರಜೆಯಲ್ಲಿರುವವರ ಹೆಸರನ್ನು ಎದ್ದು ಕಾಣುವ ಜಾಗದಲ್ಲಿ ಹಾಕಬೇಕು.

ಭಾನುವಾರ ಬೆಳಗ್ಗೆ ಶಟರ್ ಎತ್ತುವುದನ್ನು ತಡೆಯುವ ಕಾನೂನು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಒಂದು ಧರ್ಮದ ದಿನವನ್ನು ಎಲ್ಲರ ಮೇಲೆ ಹೊರಿಸುತ್ತದೆ, ವಿನಾಯಿತಿಗಳ ಪಟ್ಟಿಯಲ್ಲಿ ಸಿಕ್ಕಿ ಅರ್ಥ ಕಳೆದುಕೊಳ್ಳುತ್ತದೆ. ಆದರೆ ಉಸ್ಡಾ, ಸಾಲಿಡಾರಿಟಿಗಳು ಎತ್ತಿದ ಪ್ರಶ್ನೆ ಸುಳ್ಳಲ್ಲ. ಮಕ್ಕಳಿಗೆ ಶಾಲೆ ಇಲ್ಲದ ದಿನ ತಾಯಿಗೆ ಸೀರೆ ಅಂಗಡಿಯಲ್ಲಿ ಕೆಲಸವಿದ್ದು, ಅವಳ ರಜೆ ಮಂಗಳವಾರ ಬಿದ್ದರೆ, ಲೆಕ್ಕಕ್ಕೆ ಅದೂ ಒಂದು ದಿನವೇ, ಮನೆಗೆ ಅಲ್ಲ. ಹಾಗಾಗಿ ತಿಂಗಳಿಗೊಂದು ಭಾನುವಾರವಾದರೂ ರಜೆ ಕೇಳಿ ಪಡೆಯುವ, ಕೇಳಿದ್ದಕ್ಕೆ ಕೆಲಸ ಕಳೆದುಕೊಳ್ಳದಿರುವ ಹಕ್ಕನ್ನು ನಮ್ಮ ಕಾಯ್ದೆಗೂ ಸೇರಿಸಬೇಕು. ಕಾರ್ಮಿಕ ನಿರೀಕ್ಷಕರು ದೊಡ್ಡ ಮಳಿಗೆಗಳಿಗೆ ಭಾನುವಾರವೇ ಹೋಗಿ ರಜೆಯ ಪಟ್ಟಿಯನ್ನು ಹಾಜರಿ ಪುಸ್ತಕದ ಜೊತೆ ತಾಳೆ ನೋಡಬೇಕು. ಓದುಗರೂ ಮುಂದಿನ ಸಲ ಬಟ್ಟೆ ಅಂಗಡಿಗೋ ಸೂಪರ್‌ಮಾರ್ಕೆಟ್ಟಿಗೋ ಹೋದಾಗ ಆ ಪಟ್ಟಿ ಎಲ್ಲಿದೆ ಎಂದು ಹುಡುಕಿ, ಕಾಣದಿದ್ದರೆ ಮ್ಯಾನೇಜರನ್ನು ಕೇಳಿ.